ಪಶ್ಚಿಮದ ಗೋಡೆಗೆ ಕಂದು ಕಿಟಕಿ ಬೇಕಾ?

ಮನೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ, ಬಾಗಿಲಿನ ಬಗ್ಗೆಯೇ ಇವೆ. ಅದರಲ್ಲೂ ಬಣ್ಣದ ಬಗ್ಗೆ. ಗಾಜು ಎಷ್ಟು ದಪ್ಪ ಇರಬೇಕು, ಬೀಗ ಎಂಥದು ಹಾಕಿಸಬೇಕು ಅಂತ ಕೇಳಿದವರು ಕಡಿಮೆ. "ಮೇಡಂ, ಮರದ ತರಹ ಕಾಣೋದು ಹಾಕಿಸ್ಲಾ, ಬಿಳಿ ಹಾಕಿಸ್ಲಾ?" ಅನ್ನುವವರೇ ಎಲ್ಲ. ನಮ್ಮ ತಂದೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ತೇಗದ ಕೆಲಸ ಮಾಡುತ್ತಿದ್ದವರು. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕಿಟಕಿ ಮಾಡಿಸುವವಳು. ಅವರ ಕಣ್ಣಿಗೆ ನನ್ನದು ಕೆಲಸವೇ ಅಲ್ಲ, ಅದು ಬೇರೆ ಮಾತು. ಬಣ್ಣ ಹೇಳುವ ಮೊದಲು ನಾನು ಗಿರಾಕಿಗಳನ್ನು ಕೇಳುವುದು ಎರಡೇ: ಆ ಕಿಟಕಿ ಯಾವ ದಿಕ್ಕಿಗಿದೆ? ಅದನ್ನು ಒರೆಸುವವರು ಯಾರು? ಪತ್ರ ಬರೆಯುವವರು ದಯವಿಟ್ಟು ಇವೆರಡನ್ನೂ ಬರೆಯಿರಿ. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ನಮ್ಮ ಮನೆ ಪಶ್ಚಿಮಕ್ಕೆ ಮುಖ. ಗಾರೆ ಕೆಲಸ ಮುಗಿದಿದೆ. ನಮ್ಮ ಯಜಮಾನರಿಗೆ ವಾಲ್‌ನಟ್ ಬಣ್ಣದ, ಮರದ ಗೆರೆ ಇರುವ ಕಿಟಕಿ ಇಷ್ಟ. ಬೆಂಗಳೂರಿನಲ್ಲಿರುವ ಮಗಳು ಗಾಢ ಬೂದು ಬಣ್ಣವೇ ಈಗಿನ ಫ್ಯಾಷನ್ ಅನ್ನುತ್ತಾಳೆ. ನನಗೆ ಬಿಳಿ ಸಾಕು. ಶೋರೂಮಿನವರು ಎಲ್ಲದಕ್ಕೂ ಹತ್ತು ವರ್ಷ ಗ್ಯಾರಂಟಿ ಅಂತಾರೆ. ಯಾರ ಮಾತು ಕೇಳಲಿ?
ಗೃಹಿಣಿ, ವಿಜಯನಗರ 4ನೇ ಹಂತ, ಮೈಸೂರು

ಮೂವರ ಮಾತನ್ನೂ ಕೇಳಬಹುದು. ಆದರೆ ಒಂದೇ ಗೋಡೆಯಲ್ಲಿ ಅಲ್ಲ.

ಮೊದಲು ಈ ಬಣ್ಣ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಚೌಕಟ್ಟು, ಕದ ಮಾಡುವ ಟೊಳ್ಳು ಪಟ್ಟಿಗೆ ನಾವು ಪ್ರೊಫೈಲ್ ಅನ್ನುತ್ತೇವೆ. ಬಿಳಿ ಪ್ರೊಫೈಲ್ ಒಳಗೂ ಹೊರಗೂ ಒಂದೇ ಬಿಳಿ. ಪಿವಿಸಿ ಜೊತೆ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿ ಬೆರೆಸಿರುತ್ತಾರೆ. ಅದು ಬರೀ ಅಂದಕ್ಕಲ್ಲ. ಬಿಸಿಲಿನ ಅತಿನೇರಳೆ ಕಿರಣವನ್ನು ಅದೇ ಹೀರಿಕೊಂಡು ಪ್ಲಾಸ್ಟಿಕ್ಕನ್ನು ಕಾಪಾಡುತ್ತದೆ. ಗೀರು ಬಿದ್ದರೂ ಕೆಳಗೆ ಬಿಳಿಯೇ ಇರುವುದರಿಂದ ಎದ್ದು ಕಾಣುವುದಿಲ್ಲ.

ಮರದ ಗೆರೆಯದು ಹಾಗಲ್ಲ. ಅದು ಪ್ರೊಫೈಲಿನ ಮೇಲೆ ಅಂಟಿಸಿದ ತೆಳು ಹಾಳೆ. ನಮ್ಮವರು ಫಾಯಿಲ್ ಅನ್ನುತ್ತಾರೆ, ಲ್ಯಾಮಿನೇಷನ್ ಅಂತಲೂ ಹೇಳುತ್ತಾರೆ. ದಪ್ಪ 0.2 ಮಿಲಿಮೀಟರ್ ಆಸುಪಾಸು. ಕಾರ್ಖಾನೆಯಲ್ಲಿ ಪ್ರೊಫೈಲಿಗೆ ಪ್ರೈಮರ್ ಬಳಿದು, ಬಿಸಿ ಪಾಲಿಯುರಿಥೇನ್ ಅಂಟು ಹಚ್ಚಿದ ಹಾಳೆಯನ್ನು ಸಾಲು ಸಾಲು ರೋಲರುಗಳಲ್ಲಿ ಒತ್ತುತ್ತಾ ಮೂಲೆ ಮೂಲೆಗೂ ಸುತ್ತಿಸುತ್ತಾರೆ. ಹಾಳೆಯ ಮೇಲ್ಪದರ ಅಕ್ರಿಲಿಕ್ ಆಗಿದ್ದರೆ ಬಿಸಿಲಿಗೆ ಚೆನ್ನಾಗಿ ತಾಳುತ್ತದೆ. ಪಿವಿಡಿಎಫ್ ಅನ್ನುವ ಪ್ಲಾಸ್ಟಿಕ್ ಆಗಿದ್ದರೆ ಇನ್ನೂ ಒಳ್ಳೆಯದು. ಒಳಾಂಗಣದ ಪೀಠೋಪಕರಣಕ್ಕೆ ಮಾಡಿದ ಅಗ್ಗದ ಹಾಳೆಯನ್ನೇ ಕಿಟಕಿಗೆ ಸುತ್ತಿ ಮಾರುವವರೂ ಇದ್ದಾರೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ ತರಹ ಹೊಳೆಯುತ್ತವೆ.

ಮೂರನೆಯದು ಕೋ-ಎಕ್ಸ್‌ಟ್ರೂಷನ್. ಪ್ರೊಫೈಲ್ ಅಚ್ಚಿನಿಂದ ಹೊರಬರುವಾಗಲೇ ಮೇಲೆ ಬಣ್ಣದ ಅಕ್ರಿಲಿಕ್ ಅಥವಾ ಎಎಸ್ಎ ಪ್ಲಾಸ್ಟಿಕ್ಕಿನ ಒಂದು ಪದರ ಕರಗಿ ಬೆಸೆದುಕೊಂಡಿರುತ್ತದೆ. ಅಕ್ರಿಲಿಕ್ ಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ. ಇಲ್ಲಿ ಅಂಟು ಇಲ್ಲ, ಆದ್ದರಿಂದ ಏಳುವ ಮಾತೂ ಇಲ್ಲ. ಆದರೆ ಬಣ್ಣಗಳು ಕಡಿಮೆ, ಮರದ ಗೆರೆ ಬರುವುದಿಲ್ಲ. ನಾಲ್ಕನೆಯದು ಸ್ಪ್ರೇ ಪೇಂಟ್. ಅದರ ಬಗ್ಗೆ ಕೆಳಗೆ ಮಂಡ್ಯದವರ ಪ್ರಶ್ನೆಯಲ್ಲಿ ಬರೆದಿದ್ದೇನೆ.

ಈಗ ನಿಮ್ಮ ಪಶ್ಚಿಮದ ಗೋಡೆಗೆ ಬರೋಣ. ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲಿ ಗಾಳಿಯ ಬಿಸಿ 35 ಡಿಗ್ರಿ ಇದ್ದರೆ, ನೇರ ಬಿಸಿಲು ಬಿದ್ದ ಗಾಢ ಬಣ್ಣದ ಪ್ರೊಫೈಲಿನ ಮೈ 60 ಡಿಗ್ರಿ ದಾಟುತ್ತದೆ. ಬಿಳಿಯದು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಯುಪಿವಿಸಿ ಮೆತ್ತಗಾಗಲು ಶುರುವಾಗುವುದೇ 75ರಿಂದ 80 ಡಿಗ್ರಿಯ ಹತ್ತಿರ. ಅಂದರೆ ಕಪ್ಪು ಬೂದು ಬಣ್ಣ ಹಾಕಿಸಿದರೆ ಕರಗುವುದಿಲ್ಲ, ನಿಜ. ಆದರೆ ಆ ಅಂಚಿಗೆ ಹತ್ತಿರ ಹೋಗಿ ಬರುತ್ತಿರುತ್ತದೆ, ಪ್ರತಿ ಬೇಸಿಗೆಯೂ.

ಹಿಗ್ಗುವಿಕೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಏಳಡಿ ಎತ್ತರದ ಬಾಲ್ಕನಿ ಬಾಗಿಲು 30 ಡಿಗ್ರಿ ಬಿಸಿಯಾದರೆ ಯುಪಿವಿಸಿ ನಾಲ್ಕು ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ ಉದ್ದವಾಗುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ ಒಂದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಹೊರಗಿನ ಮೈ ಮಾತ್ರ ಕಾದು ಒಳಗಿನದು ಫ್ಯಾನ್ ಗಾಳಿಗೆ ತಣ್ಣಗಿದ್ದರೆ ಕದ ಬಿಲ್ಲಿನ ಹಾಗೆ ಸ್ವಲ್ಪ ಬಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಚಿಲಕ ಬೀಳದ ಬಾಗಿಲು ರಾತ್ರಿ ಎಂಟಕ್ಕೆ ಸಲೀಸಾಗಿ ಬೀಳುತ್ತದೆ. ಮನೆಯವರು "ಬೀಗ ಸರಿ ಇಲ್ಲ" ಅಂತ ಫೋನ್ ಮಾಡುತ್ತಾರೆ. ಬೀಗ ಸರಿಯಾಗೇ ಇರುತ್ತದೆ.

ಹಾಗಾಗಿ ನನ್ನ ಸಲಹೆ ಇದು. ರಸ್ತೆ ಕಡೆಯ ಪಶ್ಚಿಮದ ಗೋಡೆಯಲ್ಲಿ ಹೊರಬದಿ ಬಿಳಿ ಇರಲಿ, ಒಳಬದಿಗೆ ಮಾತ್ರ ವಾಲ್‌ನಟ್ ಫಾಯಿಲ್ ಹಾಕಿಸಿ. ಒಂದೇ ಬದಿ ಲ್ಯಾಮಿನೇಷನ್ ಎಲ್ಲ ಒಳ್ಳೆಯ ಕಂಪನಿಗಳಲ್ಲೂ ಸಿಗುತ್ತದೆ. ಎರಡೂ ಬದಿಗಿಂತ ಅಗ್ಗವೂ ಹೌದು. ಯಜಮಾನರು ಸೋಫಾದಲ್ಲಿ ಕೂತು ನೋಡುವುದು ಒಳಬದಿಯನ್ನೇ ಅಲ್ವಾ? ಮಗಳ ಬೂದು ಬಣ್ಣ ಉತ್ತರದ ಕಡೆಗೆ, ಇಲ್ಲವೇ ಎರಡಡಿಗಿಂತ ಉದ್ದದ ಸಜ್ಜಾ ಇರುವ ಕಿಟಕಿಗೆ ಹಾಕಿಸಿ. ಇಲ್ಲ, ಮುಂಭಾಗವೇ ಬೂದು ಬೇಕು ಅಂತ ಹಟ ಹಿಡಿದರೆ ಎರಡು ಷರತ್ತು. ಶಾಖವನ್ನು ಹಿಂದಕ್ಕೆ ಕಳಿಸುವ ಪಿಗ್ಮೆಂಟ್ ಇರುವ ಫಾಯಿಲ್ ಆಗಿರಬೇಕು. ಚೌಕಟ್ಟು, ಕದ ಎರಡರ ಒಳಗೂ ಗ್ಯಾಲ್ವನೈಸ್ ಮಾಡಿದ ಸ್ಟೀಲ್ ಪೂರ್ತಿ ಉದ್ದಕ್ಕೆ ಕೂತಿರಬೇಕು. ದುಡ್ಡು ಉಳಿಸಲು ಅಡ್ಡಪಟ್ಟಿಯಲ್ಲಿ ಸ್ಟೀಲ್ ಬಿಡುವವರಿದ್ದಾರೆ. ಬಿಳಿಯಲ್ಲಿ ಅದು ಹೇಗೋ ನಡೆಯುತ್ತದೆ, ಗಾಢ ಬಣ್ಣದಲ್ಲಿ ನಡೆಯುವುದಿಲ್ಲ.

ಗ್ಯಾರಂಟಿ ವಿಷಯ. "ಎಲ್ಲದಕ್ಕೂ ಹತ್ತು ವರ್ಷ" ಅನ್ನುವುದು ಬಾಯಿಮಾತು. ಕಾಗದದಲ್ಲಿ ಪ್ರೊಫೈಲ್, ಫಾಯಿಲ್, ಹಾರ್ಡ್‌ವೇರ್ ಅಂತ ಬೇರೆ ಬೇರೆ ಬರೆದಿದ್ದಾರಾ ನೋಡಿ. ಯುರೋಪಿನ ಇಎನ್ 12608 ಮಾನದಂಡದಲ್ಲಿ ಹವಾಮಾನವನ್ನು ಎಂ, ಎಸ್ ಅಂತ ಎರಡು ವರ್ಗ ಮಾಡಿದ್ದಾರೆ. ಎಂ ಅಂದರೆ ಸಾಧಾರಣ ಬಿಸಿಲು, ಎಸ್ ಅಂದರೆ ಕಡು ಬಿಸಿಲು. ನಮ್ಮ ಊರುಗಳು ಎಸ್ ವರ್ಗಕ್ಕೇ ಸೇರುತ್ತವೆ. ಎಸ್ ಅಂತ ಬರೆದುಕೊಡಿ ಅಂದಾಗ ಮಾರುವವರ ಮುಖ ನೋಡಿ. ಅದೇ ಮಾನದಂಡದಲ್ಲಿ ಪ್ರೊಫೈಲಿನ ಹೊರಗೆ ಕಾಣುವ ಗೋಡೆಯ ದಪ್ಪ ಎ ದರ್ಜೆಗೆ ಕನಿಷ್ಠ 2.8 ಮಿಲಿಮೀಟರ್, ಬಿ ದರ್ಜೆಗೆ 2.5. ಕೇಳಿದರೆ ಪ್ರೊಫೈಲಿನ ಒಂದು ತುಂಡು ಕೊಡುತ್ತಾರೆ. ಮನೆಗೆ ತಂದು ಕತ್ತರಿಸಿದ ಬದಿಯಲ್ಲಿ ಸ್ಕೇಲ್ ಇಟ್ಟು ನೋಡಿ. ಫಾಯಿಲಿನ ಅಂಚನ್ನು ಉಗುರಿನಿಂದ ಎಬ್ಬಿಸಲು ನೋಡಿ. ಎದ್ದರೆ ಆ ಅಂಗಡಿಗೆ ಮತ್ತೆ ಹೋಗಬೇಡಿ.

ನಮ್ಮ ಮನೆಯ ಪಕ್ಕದ ಗದ್ದೆ ಆಚೆಗೆ ಆಲೆಮನೆ ಇದೆ. ಸೀಸನ್ನಿನಲ್ಲಿ ಹೊಗೆ, ಬೂದಿ ಎಲ್ಲ ನಮ್ಮ ಕಡೆಗೇ. ಹೊಸ ಕಿಟಕಿಗೆ ಬಿಳಿ ಬೇಡ, ಕೊಳೆ ಕಾಣದ ಹಾಗೆ ಕಂದು ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಸರಿನಾ?
ರೈತರು, ಪಾಂಡವಪುರ ತಾಲ್ಲೂಕು

ಕಂದಿನಲ್ಲಿ ಕೊಳೆ ಕಾಣಲ್ಲ ಅನ್ನುವುದನ್ನು ಯಾರು ಹಬ್ಬಿಸಿದರೋ ಗೊತ್ತಿಲ್ಲ. ಬಿಳಿಯಲ್ಲಿ ಮಸಿ ಕಾಣುತ್ತದೆ. ಕಂದಿನಲ್ಲಿ ಬೂದಿ ಕಾಣುತ್ತದೆ, ರಸ್ತೆ ಧೂಳು ಕಾಣುತ್ತದೆ, ಬೋರ್‌ವೆಲ್ ನೀರಿನ ಬಿಳಿ ಕಲೆಯಂತೂ ದೂರದಿಂದಲೇ ಕಾಣುತ್ತದೆ. ಕಬ್ಬಿನ ಸಿಪ್ಪೆ ಉರಿಸುವ ಒಲೆಯಿಂದ ಮಸಿ, ಬೂದಿ ಎರಡೂ ಬರುತ್ತವೆ. ನಿಮಗೆ ಎರಡೂ ಕಾಟ.

ನಿಮ್ಮ ಮನೆಗೆ ಬಣ್ಣಕ್ಕಿಂತ ಮುಖ್ಯವಾದದ್ದು ಮೈ ನಯವಾಗಿದೆಯಾ, ತರಿತರಿಯಾಗಿದೆಯಾ ಅನ್ನುವುದು. ಮರದ ಗೆರೆಯ ಫಾಯಿಲಿನಲ್ಲಿ ಗೆರೆಗಳನ್ನು ಒತ್ತಿ ಮೂಡಿಸಿರುತ್ತಾರೆ. ಕೈಯಾಡಿಸಿದರೆ ಗೊತ್ತಾಗುತ್ತದೆ. ಆ ಸಣ್ಣ ಗುಳಿಗಳಲ್ಲಿ ಮಸಿ ಕೂತರೆ ಒರೆಸಿದಷ್ಟೂ ಒಳಗೆ ಹೋಗುತ್ತದೆ. ನಯವಾದ ಮೈ ಇರುವ ತಿಳಿ ಬೂದು ಬಣ್ಣ, ಅದೂ ಕೋ-ಎಕ್ಸ್‌ಟ್ರೂಡೆಡ್ ಸಿಕ್ಕರೆ, ನಿಮಗೆ ಒಳ್ಳೆಯ ಆಯ್ಕೆ. ಸಿಗದಿದ್ದರೆ ನಯವಾದ ಬಿಳಿಯೇ ವಾಸಿ. ರಬ್ಬರ್ ಬೀಡಿಂಗ್ ಮಾತ್ರ ಕಪ್ಪು ಕೇಳಿ. ಬಿಳಿ ಚೌಕಟ್ಟಿಗೆ ಬಿಳಿ ರಬ್ಬರ್ ಹಾಕಿದರೆ ಒಂದೇ ಸೀಸನ್ನಿಗೆ ಕೊಳಕಾಗುತ್ತದೆ, ಆಮೇಲೆ ತೊಳೆದರೂ ಹೋಗಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೊಗೆ ಬರುವ ಬದಿಗೆ ಸ್ಲೈಡಿಂಗ್ ಕಿಟಕಿ ಬೇಡ. ಅದರ ಬ್ರಷ್ ಸಂದಿನಲ್ಲಿ ಹೊಗೆ ನುಗ್ಗುತ್ತದೆ. ಕೆಳಗಿನ ಹಳಿಯಲ್ಲಿ ಬೂದಿ ತುಂಬಿ, ಮಳೆ ಬಂದಾಗ ಕೆಸರಾಗಿ, ಚಕ್ರ ಸವೆಯುತ್ತದೆ. ತೆರೆದು ಮುಚ್ಚುವ ಕದದ ಕಿಟಕಿಯಲ್ಲಿ ಸುತ್ತಲೂ ಎರಡು ಸಾಲು ರಬ್ಬರ್ ಬಿಗಿಯಾಗಿ ಕೂರುತ್ತದೆ. ಹಿತ್ತಲಿನ ಕಡೆ ಬೇಕಾದರೆ ಸ್ಲೈಡಿಂಗ್ ಹಾಕಿಸಿಕೊಳ್ಳಿ.

ಒರೆಸುವಾಗ ಒಣಬಟ್ಟೆ ಹಿಡಿದು ಉಜ್ಜಬೇಡಿ. ಬೂದಿಯಲ್ಲಿ ಮರಳಿನಂಥ ಕಣ ಇರುತ್ತದೆ, ಅದು ಹೊಳಪನ್ನು ತೆಗೆದುಹಾಕುತ್ತದೆ. ಮೊದಲು ಮಗ್ಗಿನಲ್ಲಿ ನೀರು ಹುಯ್ದು ಬೂದಿ ಇಳಿಸಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿದ ನೀರು, ಮೆತ್ತನೆ ಬಟ್ಟೆ. ಪಾತ್ರೆ ಉಜ್ಜುವ ಪುಡಿ, ತೆಂಗಿನ ನಾರು, ಸ್ಟೀಲ್ ಸ್ಕ್ರಬ್ಬರ್ ಯಾವುದೂ ಬೇಡ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಅಂತೂ ಬೇಡವೇ ಬೇಡ. ಚೌಕಟ್ಟಿನ ಕೆಳಗೆ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಅಲ್ಲಿಯ ಬೂದಿಯನ್ನು ಕಡ್ಡಿಯಿಂದ ತೆಗೆಯುತ್ತಿರಿ, ಇಲ್ಲದಿದ್ದರೆ ಮಳೆ ನೀರು ಒಳಗೆ ಬರುತ್ತದೆ.

ನಮ್ಮ ಮುಂಬಾಗಿಲಿಗೂ ಮಗ ಬಿಳಿ ಯುಪಿವಿಸಿ ಹಾಕಿಸಿದ್ದಾನೆ. ಪ್ರತಿ ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುತ್ತೇನೆ. ಕೆಳಗೆಲ್ಲ ಹಳದಿ ಕಲೆ. ಸೋಪು ಹಾಕಿ ತಿಕ್ಕಿದರೆ ಕೆಂಪಗಾಯಿತು! ಮಗ ಬೈಯುತ್ತಾನೆ. ಏನು ಮಾಡಲಿ?
ನಿವೃತ್ತ ಶಿಕ್ಷಕಿ, ಅಗ್ರಹಾರ, ಮೈಸೂರು

ಅಮ್ಮ, ಕೆಂಪಗಾದದ್ದಕ್ಕೆ ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದು ನಿಮಗೆ ಗೊತ್ತೇ ಇದೆ. ಸೋಪಿನ ಕ್ಷಾರವೂ ಅದೇ ಕೆಲಸ ಮಾಡಿದೆ. ಬರೀ ನೀರಿನಲ್ಲಿ ಚೆನ್ನಾಗಿ ತೊಳೆದರೆ, ಇಲ್ಲವೇ ನಿಂಬೆರಸ ಬೆರೆಸಿದ ನೀರಿನಲ್ಲಿ ಒರೆಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆ ಹಳದಿಯೂ ನಿಲ್ಲುವುದಿಲ್ಲ. ಅರಿಶಿನದ ಬಣ್ಣಕ್ಕೆ ಬಿಸಿಲು ಆಗದು. ನಿಮ್ಮ ಬಾಗಿಲಿಗೆ ಬೆಳಗಿನ ಬಿಸಿಲು ಬೀಳುತ್ತಿದ್ದರೆ ಕಲೆ ತಾನಾಗಿ ಮಸುಕಾಗುತ್ತದೆ. ಕುಂಕುಮದ ಕಥೆ ಬೇರೆ. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣ ಇದ್ದರೆ ಅದು ಬಿಡಿಸಿಕೊಳ್ಳುವುದು ಕಷ್ಟ. ಉಗುರಿನ ಬಣ್ಣ ತೆಗೆಯುವ ದ್ರಾವಣ ಹಚ್ಚಬೇಡಿ. ಅದರಲ್ಲಿ ಅಸಿಟೋನ್ ಇರುತ್ತದೆ, ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುತ್ತದೆ.

ಮಗನಿಗೆ ನಾನು ಹೇಳುವುದು: ಅಮ್ಮ ಹೊಸ್ತಿಲು ಪೂಜೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಬಾಗಿಲಿನ ಮುಂದೆ ಒಂದು ಮರದ ಹೊಸ್ತಿಲು, ಇಲ್ಲವೇ ಕಪ್ಪು ಕಲ್ಲಿನ ಪಟ್ಟಿ ಬೇರೆಯಾಗಿ ಕೂರಿಸಿಕೊಡಿ. ಪ್ಲಾಸ್ಟಿಕ್ ಚೌಕಟ್ಟು ಅದರ ಹಿಂದೆ ಇರಲಿ. ತೋರಣಕ್ಕೆ ಮೊಳೆ ಹೊಡೆಯುವುದಾದರೆ ಗೋಡೆಗೆ ಹೊಡೆಯಿರಿ, ಚೌಕಟ್ಟಿಗೆ ಬೇಡ. ಒಳಗೆ ಟೊಳ್ಳು ಕೋಣೆಗಳಿರುತ್ತವೆ. ಮೊಳೆ ತೂತಿನಿಂದ ಮಳೆ ನೀರು ಇಳಿದು ಒಳಗಿನ ಸ್ಟೀಲಿಗೆ ತುಕ್ಕು ಹಿಡಿಯುತ್ತದೆ. ದೀಪಾವಳಿ, ಕಾರ್ತಿಕದಲ್ಲಿ ಹಣತೆಯನ್ನು ಚೌಕಟ್ಟಿನಿಂದ ಒಂದಡಿ ದೂರ ಇಡಿ. ಯುಪಿವಿಸಿ ಹತ್ತಿ ಉರಿಯುವ ಜಾತಿಯಲ್ಲ, ಆದರೆ ಬಿಸಿಗೆ ಕಂದು ಕಲೆಯಾಗಿ ಸೊಟ್ಟಗಾಗುತ್ತದೆ. ಆ ಕಲೆಗೆ ಮದ್ದಿಲ್ಲ.

ನನ್ನನ್ನು ಕೇಳಿದ್ದರೆ ಮುಂಬಾಗಿಲು ಮರದ್ದೇ ಇರಲಿ ಅನ್ನುತ್ತಿದ್ದೆ. ಯುಪಿವಿಸಿ ಮಾರುವವಳೇ ಹೀಗೆ ಹೇಳುತ್ತಾಳಲ್ಲ ಅಂತ ನಗಬೇಡಿ.

ಎರಡು ವರ್ಷದ ಹಿಂದೆ ಕಿಟಕಿ ಕೂರಿಸಿದರು. ದುಡ್ಡಿಲ್ಲದೆ ಒಳಗಿನ ಕೆಲಸ ನಿಂತಿತು. "ಪೇಂಟಿಂಗ್ ಮುಗಿಯೋವರೆಗೂ ಕವರ್ ತೆಗೀಬೇಡಿ" ಅಂತ ಮೇಸ್ತ್ರಿ ಹೇಳಿದ್ದರು. ಈಗ ಆ ಪ್ಲಾಸ್ಟಿಕ್ ಕವರ್ ಚೂರು ಚೂರಾಗಿ ಹರಿಯುತ್ತಿದೆ, ಅಂಟು ಉಳಿಯುತ್ತಿದೆ.
ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು

ನಿಮ್ಮ ಮೇಸ್ತ್ರಿಯ ಹಾಗೆ ಹೇಳುವವರು ಊರು ತುಂಬ ಇದ್ದಾರೆ. ಆ ಕವರ್ ಸಾಗಾಟದಲ್ಲಿ ಗೀರು ಬೀಳದಿರಲಿ ಅಂತ ಹಾಕಿದ್ದು. ಕೂರಿಸಿದ ಮೇಲೆ ಮೂರು ತಿಂಗಳೊಳಗೆ ಕಿತ್ತುಬಿಡಬೇಕು. ಬಿಸಿಲಿಗೆ ಅದರ ಅಂಟು ಬೆಂದು ಮೈಗೆ ಹಿಡಿಯುತ್ತದೆ. ಗೋಡೆಗೆ ಬಣ್ಣ ಹೊಡೆಯುವಾಗ ಬೇಕಿದ್ದರೆ ಪೇಪರ್ ಟೇಪ್ ಹಚ್ಚಿ, ಸಂಜೆ ತೆಗೆದರೆ ಸಾಕು.

ಈಗ ಹೀಗೆ ಮಾಡಿ. ನೆರಳಿರುವ ಹೊತ್ತಿನಲ್ಲಿ ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಕಡಿಮೆ ಬಿಸಿಯಲ್ಲಿ ಒಂದೊಂದು ಗೇಣು ಮೆತ್ತಗೆ ಮಾಡುತ್ತಾ ಕವರನ್ನು ಓರೆಯಾಗಿ ಎಳೆಯಿರಿ. ಪೇಂಟರುಗಳ ಹೀಟ್ ಗನ್ ಬೇಡ, ಪ್ರೊಫೈಲೇ ಬಾಗುತ್ತದೆ. ಏಳದ ಕಡೆ ಪ್ಲಾಸ್ಟಿಕ್ ಕಾರ್ಡಿನ ಅಂಚು ಉಪಯೋಗಿಸಿ. ಹಳೆಯ ಎಟಿಎಂ ಕಾರ್ಡ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಬ್ಲೇಡ್ ಬೇಡ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಬಟ್ಟೆಯಿಂದ ಉರುಳಿಸಿದರೆ ಬಹಳಷ್ಟು ಬರುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ಎಣ್ಣೆ ಪೂರ್ತಿ ತೆಗೆಯಿರಿ. ಒಂದು ಎಚ್ಚರಿಕೆ: ಎಣ್ಣೆ ರಬ್ಬರ್ ಬೀಡಿಂಗಿಗೆ ತಾಗಬಾರದು. ಅದು ಇಪಿಡಿಎಂ ರಬ್ಬರ್. ನೀರು, ಬಿಸಿಲು ಎಲ್ಲ ತಡೆಯುತ್ತದೆ, ಎಣ್ಣೆ ಕುಡಿದರೆ ಮಾತ್ರ ಉಬ್ಬುತ್ತದೆ. ಇಷ್ಟಕ್ಕೂ ಬಗ್ಗದ ಅಂಟಿಗೆ ಪ್ರೊಫೈಲ್ ಕಂಪನಿಗಳೇ ಮಾರುವ ಯುಪಿವಿಸಿ ಕ್ಲೀನರ್ ತರಿಸಿ. ಮೊದಲು ಕದದ ಒಳ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ ಹಚ್ಚಿ ನೋಡಿ. ಫಾಯಿಲ್ ಇರುವ ಕಿಟಕಿಗಂತೂ ಈ ಪರೀಕ್ಷೆ ಬಿಡಲೇಬಾರದು. ಬಿಳಿಗೆ ಹೊಂದುವ ಎಲ್ಲ ಕ್ಲೀನರೂ ಫಾಯಿಲಿಗೆ ಹೊಂದುವುದಿಲ್ಲ.

ಬೆಲೆ ಕಡಿಮೆ ಅಂತ ಪರಿಚಯದವರ ಹತ್ತಿರ ಬಿಳಿ ಕಿಟಕಿ ಮಾಡಿಸಿದೆವು. ಐದು ವರ್ಷಕ್ಕೇ ಹಳದಿಯಾಗಿದೆ. ಎನಾಮಲ್ ಪೇಂಟ್ ಹೊಡೆಸಿಬಿಡಲಾ? ಗಾಢ ಕಂದು ಹೊಡೆದರೆ ಕಲೆ ಮುಚ್ಚುತ್ತೆ ಅಂತ ಪೇಂಟರ್ ಹೇಳುತ್ತಾನೆ.
ಕಿರಾಣಿ ಅಂಗಡಿ ಮಾಲೀಕರು, ಮಂಡ್ಯ

ಪೇಂಟರಿಗೆ ಸ್ವಲ್ಪ ತಡೆಯಲು ಹೇಳಿ. ಹಳದಿ ಎಲ್ಲಿ ಆಗಿದೆ ಅಂತ ಮೊದಲು ಮನೆ ಸುತ್ತಿ ನೋಡಿ. ಅಡುಗೆಮನೆಯ ಕಿಟಕಿಯ ಒಳಬದಿ ಮಾತ್ರ ಹಳದಿಯಾಗಿದ್ದರೆ ಅದು ಒಗ್ಗರಣೆಯ ಎಣ್ಣೆ ಜಿಡ್ಡು. ಬಿಸಿನೀರು, ಸೋಪಿಗೆ ಹೋಗುತ್ತದೆ. ಹೊರಬದಿ, ಅದರಲ್ಲೂ ಪಶ್ಚಿಮ, ದಕ್ಷಿಣದ ಕಡೆ ಹಳದಿಯಾಗಿದ್ದರೆ ಪ್ಲಾಸ್ಟಿಕ್ಕೇ ಕೆಡುತ್ತಿದೆ ಅಂತ ಅರ್ಥ.

ಕೆಡುವುದು ಹೇಗೆ ಅಂದರೆ, ಬಿಸಿಲಿಗೂ ಶಾಖಕ್ಕೂ ಪಿವಿಸಿಯ ಸರಪಳಿಯಿಂದ ಹೈಡ್ರೋಜನ್ ಕ್ಲೋರೈಡ್ ಕಳಚಿಕೊಳ್ಳುತ್ತದೆ. ಉಳಿದ ಭಾಗ ಹಳದಿಯಾಗಿ ಕಾಣುತ್ತದೆ. ಇದನ್ನು ತಡೆಯಲೆಂದೇ ಟೈಟಾನಿಯಂ ಡೈಆಕ್ಸೈಡ್, ಸ್ಟೆಬಿಲೈಸರ್ ಹಾಕುವುದು. ಇವೆರಡೂ ದುಬಾರಿ. ಸೀಮೆಸುಣ್ಣದ ಪುಡಿ ಅಗ್ಗ. ಅದೂ ಬಿಳಿಯೇ. ದುಬಾರಿ ಪುಡಿ ಕಡಿಮೆ ಮಾಡಿ ಅಗ್ಗದ್ದು ಜಾಸ್ತಿ ತುಂಬಿದರೆ ಹೊಸದರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಚದರಡಿಗೆ ಅಷ್ಟು ಕಡಿಮೆ ಬೆಲೆ ಹೇಗೆ ಬಂತು ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಕೈಬೆರಳಿನಿಂದ ಉಜ್ಜಿ ನೋಡಿ. ಬಿಳಿ ಪುಡಿ ಅಂಟಿದರೆ ಮೇಲ್ಪದರ ಸವೆಯುತ್ತಿದೆ. ಕೆಟ್ಟಿರುವ ಪದರ ತೆಳು. ಬಿಳಿ ಯುಪಿವಿಸಿಗೆಂದೇ ಸಿಗುವ ಪಾಲಿಷ್ ಕ್ರೀಮಿನಲ್ಲಿ ಉಜ್ಜಿದರೆ ಹಳದಿ ಹೋಗಿ ಬಿಳಿ ಬರುತ್ತದೆ. ಆದರೆ ಮಾಲೇ ಕಳಪೆ ಆಗಿರುವುದರಿಂದ ಮತ್ತೆ ಹಳದಿಯಾಗುತ್ತದೆ. ಕದವನ್ನು ತಟ್ಟಿದರೆ ಅಂಚು ಸಿಡಿಯುವ ಹಾಗಿದ್ದರೆ ಮೇಲೆ ಏನು ಹಚ್ಚಿದರೂ ದಂಡ.

ಪ್ರೊಫೈಲ್ ಇನ್ನೂ ಗಟ್ಟಿಯಾಗಿದ್ದರೆ ಪೇಂಟ್ ಮಾಡಬಹುದು. ಎನಾಮಲ್ ಅಲ್ಲ. ಎನಾಮಲ್ ಯುಪಿವಿಸಿಗೆ ಕಚ್ಚುವುದಿಲ್ಲ, ಚೌಕಟ್ಟು ಹಿಗ್ಗಿ ಕುಗ್ಗುವಾಗ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಸರಿಯಾದ ಕ್ರಮ ಹೀಗೆ: ಜಿಡ್ಡು ಹೋಗುವ ಹಾಗೆ ತೊಳೆಯಬೇಕು. 400 ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಮೈ ಒರಟು ಮಾಡಬೇಕು. ಪ್ಲಾಸ್ಟಿಕ್ಕಿಗೆ ಕಚ್ಚುವ ಪ್ರೈಮರ್ ಹೊಡೆಯಬೇಕು. ಅದರ ಮೇಲೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿಯು, ಅಂದರೆ ಪಾಲಿಯುರಿಥೇನ್ ಪೇಂಟ್, ಬ್ರಷ್ಷಿನಲ್ಲಲ್ಲ, ಸ್ಪ್ರೇಯಲ್ಲಿ. ಕಾರಿಗೆ ಬಣ್ಣ ಹೊಡೆಯುವವರು ಈ ಕೆಲಸ ಮನೆ ಪೇಂಟರಿಗಿಂತ ಚೆನ್ನಾಗಿ ಮಾಡುತ್ತಾರೆ. ರಬ್ಬರ್, ಕೀಲು, ನೀರು ಹೋಗುವ ತೂತು ಎಲ್ಲಕ್ಕೂ ಟೇಪ್ ಹಚ್ಚಿಸಿ.

ಆದರೆ ತಿಳಿ ಬಣ್ಣವೇ ಇರಲಿ. ಬಿಳಿ, ಕೆನೆ, ತಿಳಿ ಬೂದು. ಬಿಳಿ ಅಂತ ಲೆಕ್ಕ ಹಾಕಿ ಕೂರಿಸಿದ ಕಿಟಕಿಯಲ್ಲಿ ಹಿಗ್ಗಲು ಬಿಟ್ಟ ಸಂದು ಕಡಿಮೆ, ಸ್ಟೀಲೂ ಕಡಿಮೆ ಇರಬಹುದು. ಅದರ ಮೇಲೆ ಗಾಢ ಕಂದು ಹೊಡೆದರೆ ಮಂಡ್ಯದ ಮಾರ್ಚ್ ಬಿಸಿಲಿಗೇ ಕದ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ಖರ್ಚು ಕೂಡಿಸಿ, ಕದ ಮಾತ್ರ ಹೊಸದು ಮಾಡಿಸಿದರೆ ಎಷ್ಟಾಗುತ್ತದೆ ಅಂತಲೂ ಕೇಳಿ ನೋಡಿ. ಕೆಲವು ಸಲ ವ್ಯತ್ಯಾಸ ಜಾಸ್ತಿ ಇರುವುದಿಲ್ಲ.

ಬಚ್ಚಲುಮನೆ ಬಾಗಿಲಿಗೆ ಮರದ ಡಿಸೈನಿನ ಪಿವಿಸಿ ಬಾಗಿಲು ಹಾಕಿಸಿದ್ದೆವು. ಕೆಳಗೆ ಹಾಳೆ ಎದ್ದಿದೆ. ಈ ಸಲ ಏನು ಹಾಕಿಸಲಿ?
ಗೃಹಿಣಿ, ಶ್ರೀರಂಗಪಟ್ಟಣ

ಡಿಸೈನ್ ಬಿಡಿ. ಬಚ್ಚಲಿಗೆ ಹಾಳೆ ಅಂಟಿಸಿದ್ದು ಯಾವುದೂ ಬೇಡ. ಕೆಳಗಿನ ಕತ್ತರಿಸಿದ ಅಂಚಿನಲ್ಲಿ ನೀರು ಸೇರಿ ಅಲ್ಲಿಂದಲೇ ಏಳುತ್ತದೆ. ನೀವು ಹಾಕಿಸಿದ್ದು ಟೊಳ್ಳು ಪಟ್ಟಿ ಜೋಡಿಸಿದ ಹಗುರ ಬಾಗಿಲು ಅಂತ ಕಾಣುತ್ತದೆ. ಸ್ಟೀಲ್ ಹಾಕಿದ ನಯವಾದ ಬಿಳಿ ಯುಪಿವಿಸಿ ಬಾಗಿಲು ಹಾಕಿಸಿ. ಇಲ್ಲವೇ ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಹಲಗೆಯ ಬಾಗಿಲಿಗೆ ಆರೂ ಮೈಗೆ, ಅಂದರೆ ತಳದ ಅಂಚಿಗೂ ಸೇರಿಸಿ, ಪಿಯು ಪೇಂಟ್ ಹೊಡೆಸಿ. ತಳವನ್ನು ಬಿಟ್ಟು ಹೊಡೆಯುವುದು ಪೇಂಟರುಗಳ ಅಭ್ಯಾಸ, ಬಾಗಿಲು ಕೂರಿಸುವ ಮೊದಲು ನಿಂತು ನೋಡಿ. ಟೈಲ್ಸಿಗೆ ಆಸಿಡ್ ಹಾಕುವ ದಿನ ಬಾಗಿಲು ತೆರೆದಿಟ್ಟು ಗಾಳಿಯಾಡಲು ಬಿಡಿ. ಪ್ಲಾಸ್ಟಿಕ್ಕಿಗೆ ಏನೂ ಆಗುವುದಿಲ್ಲ, ಕೀಲು ಬೀಗ ಹಾಳಾಗುತ್ತವೆ.

ಅಜ್ಜನ ಕಾಲದ ಮನೆ. ತೇಗದ ಕಿಟಕಿಗಳು, ಕಬ್ಬಿಣದ ಸರಳು. ಒಂದೆರಡರ ಕೆಳಗಿನ ಪಟ್ಟಿ ಕೊಳೆತಿದೆ. ಎಲ್ಲವನ್ನೂ ಕಿತ್ತು ತೇಗದ ಬಣ್ಣದ ಯುಪಿವಿಸಿ ಹಾಕಿಸೋಣ ಅಂತ ತಮ್ಮ ಹೇಳುತ್ತಾನೆ.
ಕಾಲೇಜು ಉಪನ್ಯಾಸಕರು, ಲಕ್ಷ್ಮೀಪುರಂ, ಮೈಸೂರು

ಬೇಡ ಸರ್. ಇರುವ ತೇಗ ಕಿತ್ತು ತೇಗದ ಚಿತ್ರ ಅಂಟಿಸಿದ್ದನ್ನು ಹಾಕುವುದಕ್ಕೆ ನಾನು ಒಪ್ಪಲಾರೆ. ಹಳೆಯ ತೇಗದಲ್ಲಿ ಕೊಳೆತ ಭಾಗ ಮಾತ್ರ ಕತ್ತರಿಸಿ, ಅಷ್ಟೇ ಅಗಲದ ಹೊಸ ತೇಗ ಕಚ್ಚು ಹಾಕಿ ಜೋಡಿಸುವ ಬಡಗಿಗಳು ಮೈಸೂರಿನಲ್ಲಿ ಈಗಲೂ ಇದ್ದಾರೆ. ನೀರು ಎಲ್ಲಿಂದ ಬಂದು ಕೊಳೆಯಿತು ಅಂತ ನೋಡಿ, ಆ ಸಜ್ಜಾ ಮೊದಲು ಸರಿ ಮಾಡಿಸಿ.

ಬೆಳಕಿನ ಲೆಕ್ಕವೂ ಇದೆ. ಯುಪಿವಿಸಿಯಲ್ಲಿ ಚೌಕಟ್ಟು, ಕದ ಎರಡೂ ಸೇರಿ ಪ್ರತಿ ಬದಿಗೂ ಸುಮಾರು 4 ಇಂಚು ನುಂಗುತ್ತದೆ. ಮೂರಡಿ ಅಗಲದ ನಿಮ್ಮ ಕಿಟಕಿಯಲ್ಲಿ ಗಾಜಿಗೆ ಉಳಿಯುವುದು ಎರಡಡಿ ಚಿಲ್ಲರೆ. ಸರಳುಗಳೂ ಅದೇ ಚೌಕಟ್ಟಿನಲ್ಲಿ ಕೂರುವುದಿಲ್ಲ, ಗ್ರಿಲ್ ಬೇರೆ ಮಾಡಿಸಬೇಕು. ತಮ್ಮನಿಗೆ ಗೆದ್ದಲಿನ ಭಯ ಇದ್ದರೆ ಹಿತ್ತಲಿನ ಕಡೆ, ನೀರು ಬೀಳುವ ಜಾಗದ ಕಿಟಕಿಗಳನ್ನು ಮಾತ್ರ ಬದಲಾಯಿಸಿ. ಅಲ್ಲಿಗೂ ತೇಗದ ಬಣ್ಣ ಬೇಡ. ನಿಜವಾದ ತೇಗದ ಪಕ್ಕದಲ್ಲಿ ಫಾಯಿಲಿನ ತೇಗ ಇದ್ದರೆ ಎರಡೂ ಕೆಟ್ಟದಾಗಿ ಕಾಣುತ್ತವೆ. ಕೆನೆ ಬಣ್ಣ ಹಾಕಿಸಿ, ಗೋಡೆಯ ಜೊತೆ ಸೇರಿಹೋಗುತ್ತದೆ.

ಹೊಸ ಕಂದು ಕಿಟಕಿಯ ನಾಲ್ಕೂ ಮೂಲೆಯಲ್ಲಿ ಓರೆಯಾಗಿ ಬಿಳಿ ಗೆರೆ ಕಾಣುತ್ತಿದೆ. ಬಿರುಕಾ?
ಸಾಫ್ಟ್‌ವೇರ್ ಉದ್ಯೋಗಿ, ಬೋಗಾದಿ, ಮೈಸೂರು

ಬಿರುಕಲ್ಲ. ಮೂಲೆಗಳನ್ನು ಸುಮಾರು 250 ಡಿಗ್ರಿ ಬಿಸಿಯಲ್ಲಿ ಕರಗಿಸಿ ಬೆಸೆಯುತ್ತಾರೆ. ಉಕ್ಕಿ ಬಂದ ಪ್ಲಾಸ್ಟಿಕ್ಕನ್ನು ಕೆರೆದಾಗ ಫಾಯಿಲ್ ಹೋಗಿ ಒಳಗಿನ ಬಿಳಿ ಕಾಣುತ್ತದೆ. ಅದೇ ಬಣ್ಣದ ಪೆನ್ನಿನಲ್ಲಿ ತುಂಬಿ ಕೊಡುವುದು ಫ್ಯಾಬ್ರಿಕೇಟರ್, ಅಂದರೆ ಕಿಟಕಿ ಮಾಡಿಕೊಟ್ಟವರ ಕೆಲಸ. ನಿಮ್ಮವರು ಮರೆತಿದ್ದಾರೆ, ಕರೆಸಿ ಮಾಡಿಸಿಕೊಳ್ಳಿ. ಆ ಪೆನ್ನನ್ನು ಒಂದು ಕೇಳಿ ಇಸ್ಕೊಳ್ಳಿ, ಮುಂದೆ ಗೀರು ಬಿದ್ದಾಗಲೂ ಬೇಕಾಗುತ್ತದೆ. ಬೇರೆಯವರು ಇನ್ನೂ ಆರ್ಡರ್ ಕೊಟ್ಟಿಲ್ಲದಿದ್ದರೆ, ಒಳಗಿನ ಪ್ಲಾಸ್ಟಿಕ್ಕೂ ಕಂದಾಗಿರುವ ಪ್ರೊಫೈಲ್ ಸಿಗುತ್ತದಾ ಅಂತ ವಿಚಾರಿಸಿ. ಆಗ ಈ ಗೆರೆ ಅಷ್ಟಾಗಿ ಕಾಣುವುದಿಲ್ಲ.